ಮೂರನೆಯ ಸರದಿಯ ಖಾರ

ನಾನು ಬೆಳೆದದ್ದು ವಸತಿನಿಲಯದಲ್ಲಿ. ಐದಕ್ಕೆ ಗಂಟೆ, ಆರಕ್ಕೆ ಕಸಬರಿಗೆ, ಏಳಕ್ಕೆ ಪಾಠ. ಅದಕ್ಕೇ ರಾಣೆಬೆನ್ನೂರಿನ ನಮ್ಮ ಕಾರ್ಖಾನೆಯ ಬಾಗಿಲು ಇಂದಿಗೂ ಎಂಟಕ್ಕೆ ತೆರೆಯುತ್ತದೆ, ಎಂಟೂ ಐದಕ್ಕಲ್ಲ. ನಾನು, ನನ್ನ ತಮ್ಮ ಸೇರಿ ಮೆಣಸಿನಕಾಯಿ ಕುಟ್ಟುವ ಯಂತ್ರ ಮಾಡುತ್ತೇವೆ. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಬೀಳುತ್ತವೆ, ಅಷ್ಟೇ ಅದರ ಗುಟ್ಟು.

ಬ್ಯಾಡಗಿ ಮೆಣಸಿನಕಾಯಿಯನ್ನು ಮತ್ತೆ ಮತ್ತೆ ತುಂಬಿ, ಬಿಡುವಿಲ್ಲದೆ ಮೂರು ಸರದಿ ಕುಟ್ಟಿ ತೋರಿಸದೆ ಯಾವ ಯಂತ್ರವೂ ನಮ್ಮ ಬಾಗಿಲು ದಾಟುವಂತಿಲ್ಲ. ಮೊದಲ ಸರದಿಗೆ ಎಲ್ಲ ಯಂತ್ರವೂ ಒಳ್ಳೆಯದೇ. ಮೂರನೆಯದಕ್ಕೆ ಕಬ್ಬಿಣ ಕಾದಿರುತ್ತದೆ. ಖಾರದ ಪುಡಿಯ ಬಣ್ಣ ಉಳಿಯುತ್ತದೋ ಕಂದುತ್ತದೋ ಆಗ ತಿಳಿಯುತ್ತದೆ. ಬ್ಯಾಡಗಿ ಕಾಯಿಯನ್ನು ಜನ ಕೊಳ್ಳುವುದು ಬಣ್ಣಕ್ಕೆ.

ಪರದೇಶದ ಸರಕು ಮುಟ್ಟಬಾರದೆಂಬ ಮಡಿ ನನಗಿಲ್ಲ. ನಮ್ಮ ಮೋಟಾರು ಚೀನಾದ್ದು. ಅದು ಅಗ್ಗವಾದ್ದರಿಂದಲೇ ಹಳ್ಳಿಯ ಮಹಿಳಾ ಸಂಘಗಳಿಗೂ ನಮ್ಮ ಯಂತ್ರ ಎಟುಕಿತು. ಒಮ್ಮೆ ಬೇರಿಂಗನ್ನೂ ಅಲ್ಲಿಂದ ತರಿಸಿದೆ. ಎರಡು ತಿಂಗಳು ತಡವಾಗಿ ಬಂತು, ಬಂದದ್ದೂ ಅಳತೆಗೆ ಕೂರಲಿಲ್ಲ. ಬೈಯಲು ಎದುರಿಗೆ ಮನುಷ್ಯನೇ ಇರಲಿಲ್ಲ. ಅಂದಿನಿಂದ ಬೇರಿಂಗು ಬಿಟ್ಟೆ, ಮೋಟಾರು ಬಿಡಲಿಲ್ಲ.

ಕಳೆದ ಸುಗ್ಗಿಗೆ ತಮ್ಮನ ಆಸೆ ಬೆಳೆಯಿತು. ಇಡೀ ಯಂತ್ರವನ್ನೇ ಅಲ್ಲಿಂದ ತರಿಸಿ, ನಮ್ಮ ಹೆಸರಿನ ತಗಡು ಬಡಿದು ಮಾರೋಣ ಎಂದ. ಮಾದರಿಗೆ ಒಂದು ಬಂದೂ ಆಗಿತ್ತು. ನನ್ನನ್ನು ಕೇಳದೆ ತಗಡುಗಳನ್ನೂ ಮಾಡಿಸಿದ್ದ.

“ಅಕ್ಕಾ, ನಮ್ಮದರ ಅರ್ಧ ರೇಟಿಗೆ ಬರತೈತಿ. ತಗಡು ಬಡದು ಕೊಟ್ರ ಮುಗೀತು.”

“ಮತ್ತ ಲೇಥಿನ ಮುಂದ ನಿಂತ ನಾಕ್ ಮಂದಿ ಏನ್ ಮಾಡಬೇಕು? ತಗಡು ಒರಸಬೇಕೇನು?”

“ವಿಡಿಯೋದಾಗ ನೋಡು, ಹೆಂಗ ಪುಡಿ ಮಾಡತೈತಿ!”

“ವಿಡಿಯೋದಾಗ ಇರೋದು ಒಂದ ಸರದಿ. ನೀ ಮೂರು ಹಾಕು.”

ಕದರಮಂಡಲಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುವ ಹೆಣ್ಣುಮಗಳೊಬ್ಬಳು ಅಂದು ಹೊಸ ಯಂತ್ರ ಕೊಳ್ಳಲು ಬಂದಿದ್ದಳು. “ನಾನೂ ನೋಡೇ ಹೋಗತೇನ್ರಿ ಅಕ್ಕಾರ. ಬಸ್ಸು ಹೋದ್ರ ಹೋಗಲಿ,” ಎಂದು ಕುಳಿತಳು.

ಎರಡೂ ಯಂತ್ರ ಹೂಡಿದೆವು. ಅವನದು ಜೋರಾಗಿ ತಿರುಗಿ ಕಾಯಿಯನ್ನು ಕತ್ತರಿಸುವಂಥದ್ದು. ನಮ್ಮದು ಅರ್ಧ ಕುಟ್ಟುವುದರಲ್ಲಿ ಅದು ಮುಗಿಸಿತು. ತಮ್ಮ ನನ್ನತ್ತ ನೋಡಿ ಮೀಸೆ ತಿರುವಿದ. ಎರಡನೆಯ ಸರದಿಯೂ ಹಾಗೆಯೇ. ಮೂರನೆಯದಕ್ಕೆ ಅವನ ಯಂತ್ರದ ಮುಚ್ಚಳ ಕಾದು ಮುಟ್ಟಲಾಗಲಿಲ್ಲ. ಆಕೆ ಎರಡೂ ಪುಡಿಯನ್ನು ಒಂದೊಂದು ಅಂಗೈಗೆ ಹಾಕಿಕೊಂಡು, ಹನಿ ಎಣ್ಣೆ ಬಿಡಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕಿದಳು. ನಮ್ಮದು ಕೆಂಪಾಗಿಯೇ ಇತ್ತು, ಅವನದು ಕಂದಿತ್ತು.

“ಇದೇನ್ರಿ ಅಣ್ಣಾರ, ನಿಮ್ಮದು ಇಟ್ಟಂಗಿ ಪುಡಿ ಆಗೇತಲ್ರಿ! ಇದನ್ನ ಕೊಟ್ರ ಮಂದಿ ನನ್ನ ತಲಿ ಮ್ಯಾಲೆ ಸುರೀತಾರ.”

“ನಡುನಡುವ ಆರಾಕ ಬಿಡಬೇಕ್ರಿ,” ಎಂದ ತಮ್ಮ.

“ಸುಗ್ಗಿಯೊಳಗ ಚೀಲ ಹೊತ್ತು ಪಾಳಿ ಹಚ್ಚಿರತಾರಲ್ಲ, ಅವರಿಗೆ ನೀವ ಬಂದು ಹೇಳ್ರಿ, ಮಷಿನ್ ಮಕ್ಕೊಂಡೈತಿ ಅಂತ.”

ಲೇಥಿನ ಹತ್ತಿರ ಯಾರೋ ನಕ್ಕರು. ನಾನು ನಗಲಿಲ್ಲ. ಆಕೆ ನಮ್ಮ ಯಂತ್ರದತ್ತ ತಿರುಗಿ, “ಮೋಟಾರು ಎಲ್ಲೀದ್ರಿ?” ಎಂದು ಕೇಳಿದಳು.

“ಚೀನಾದ್ದು.”

“ಕುಟ್ಟೋದು?”

“ನಮ್ಮದು.”

ಆಕೆ ಅದನ್ನೇ ಒಯ್ದಳು. ಹಾಗೆಂದು ಎಲ್ಲರೂ ಆಕೆಯಂತಲ್ಲ. ಹಾವೇರಿಯಲ್ಲಿ ಆ ಅಗ್ಗದ ಯಂತ್ರ ಈಗ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದೆ. ನಮ್ಮ ಇಬ್ಬರು ಹಳೆಯ ಗಿರಾಕಿಗಳು ಅತ್ತ ಹೋದರು. ತಮ್ಮ ಅದನ್ನು ವಾರಕ್ಕೊಮ್ಮೆ ನೆನಪಿಸುತ್ತಾನೆ. ಹೋಗಲಿ ಎನ್ನುತ್ತೇನೆ.

ಅವನು ಮಾಡಿಸಿದ ತಗಡುಗಳನ್ನು ನಾನು ಎಸೆದಿಲ್ಲ. ಕಪಾಟಿನಲ್ಲಿವೆ, ಕೀಲಿ ನನ್ನ ಸೊಂಟದಲ್ಲಿದೆ. ನಮ್ಮ ಪ್ರತಿ ಯಂತ್ರದ ಮೂರನೆಯ ಸರದಿಯ ಖಾರವನ್ನು ಅಂಗೈಯಲ್ಲಿ ತಿಕ್ಕಿ ನೋಡಿದ ಮೇಲೆ ಒಂದೊಂದಾಗಿ ಕೊಡುತ್ತೇನೆ. ಬಡಿಯುವ ಕೆಲಸ ಮಾತ್ರ ತಮ್ಮನದೇ.