ಬೇಲಿಯವರೆಗೆ ಬಂದ ಗೆರೆ

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಡಗೋಡ ಕಡೆಯ ಇಂದೂರಿನಾಚೆಯ ಸಣ್ಣ ಊರೊಂದರ ಶಾಲೆಯ ಅಂಗಳವನ್ನು ಕಾಶೆವ್ವ ಆಗಲೇ ಸಾರಿಸಿ ಮುಗಿಸಿದ್ದಾರೆ. ಈಗ ರಂಗೋಲಿ ಬಟ್ಟಲು ಹಿಡಿದು, ಸೊಂಟ ಬಗ್ಗಿಸಿ, ಮೊಳಕ್ಕೊಂದು ಚುಕ್ಕೆ ಇಡುತ್ತಿದ್ದಾರೆ. ಸಾಲು ತಪ್ಪಿದ ಚುಕ್ಕೆಯೊಂದನ್ನು ಒರೆಸಿ ಮತ್ತೆ ಇಡುತ್ತಾರೆ. "ಇವತ್ತ ಸಾಲಿ ತಪಾಸಣಿ ಸಾಹೇಬ್ರು ಬರ್ತಾರ್ರಿ, ನನ್ನ ಮಾತಾಡಸಬ್ಯಾಡ್ರಿ" ಎಂದು ನೋಡುತ್ತ ನಿಂತ ನನಗೆ ಹೇಳುತ್ತಾರೆ. ಆಮೇಲೆ ತಾವೇ ಮಾತಾಡುತ್ತಾರೆ.

ಇದು ಮನೆ ಮುಂದಿನ ರಂಗೋಲಿಯಲ್ಲ, ಬೀಜಗಣಿತದ ಗ್ರಾಫ್. ಅದಕ್ಕೆ ಬೇಕಾದ ಚೌಕಳಿ ಕಾಗದ ಮುಂಡಗೋಡದ ಅಂಗಡಿಯಲ್ಲಿ ಸಿಕ್ಕರೆ ಪುಣ್ಯ. ಹಾಗಾಗಿ ಬಸಲಿಂಗಯ್ಯ ಮಾಸ್ತರರು, ಶಾಲೆಯ ಕಸ ಗುಡಿಸುವ ಕಾಶೆವ್ವನಿಗೆ ಅಂಗಳವನ್ನೇ ಕಾಗದ ಮಾಡಿಕೊಡಲು ಕೇಳಿಕೊಂಡರು. ನಡುವೆ ಒಂದು ಮಲಗಿದ ಗೆರೆ, ಒಂದು ಎದ್ದ ಗೆರೆ. y = 2x + 1 ಎಂದರೆ ಎದ್ದ ಗೆರೆಯ ಒಂದನೆಯ ಚುಕ್ಕೆಯ ಮೇಲೆ ನಿಲ್ಲಬೇಕು; ಅಲ್ಲಿಂದ ಬಲಕ್ಕೊಂದು ಚುಕ್ಕೆ, ಮೇಲಕ್ಕೆರಡು. ಮಕ್ಕಳು ನಡೆದೇ ಕಲಿತಿದ್ದಾರೆ.

ಎಡವಟ್ಟಾದದ್ದು ತುದಿಯಲ್ಲಿ. ಅಂಗಳದ ಗೆರೆಯನ್ನು ತೆರೆದು ಬಿಟ್ಟರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ಕಾಶೆವ್ವನಿಗೆ ಅವರ ಅವ್ವ ಹೇಳಿಕೊಟ್ಟದ್ದು. ಮಾಸ್ತರರು ಎಳೆದ ಗೆರೆಗೂ ಅವರು ದಿನಾ ಸದ್ದಿಲ್ಲದೆ ಒಂದು ಸುಳಿ ತಿರುವಿ ಮುಚ್ಚುತ್ತ ಬಂದರು. ನಿನ್ನೆ ಮಾಸ್ತರರು ಮಕ್ಕಳ ಪಾಟಿ ನೋಡಿದರೆ, ಕೊನೆಯಿಲ್ಲದೆ ನೇರ ಹೋಗಬೇಕಾದ ಗೆರೆ ಇಡೀ ವರ್ಗದ್ದೂ ತುದಿಯಲ್ಲಿ ಬಾಗಿತ್ತು. ಮಕ್ಕಳು ಕಂಡದ್ದನ್ನೇ ಬರೆದಿದ್ದರು, ಪಾಪ. "ಮಾಸ್ತರ್ರು ಬೈಲಿಲ್ರಿ. ಬೈದಿದ್ರ ಚಲೋ ಇತ್ತು" ಎನ್ನುತ್ತಾರೆ ಕಾಶೆವ್ವ.

೧೯೬೧ರ ಜೂನಿನಲ್ಲಿ ಶುರುವಾದ ಈ ಎಂಟನೆಯ ಇಯತ್ತೆಯ ವರ್ಗ ಇನ್ನೂ ಕಾಯಂ ಆಗಿಲ್ಲ. ಸಾಹೇಬರಿಗೆ ಒಪ್ಪಿಗೆಯಾಗದಿದ್ದರೆ ಮುಚ್ಚುತ್ತದೆ. ಗಂಡುಹುಡುಗರು ಮುಂಡಗೋಡಕ್ಕೆ ಹೋದಾರು. ಕಾಶೆವ್ವನ ಮೊಮ್ಮಗಳು ಹೊಳೆವ್ವ ಮನೆಯಲ್ಲಿ ಕೂರುತ್ತಾಳೆ. "ನನ್ನ ಕೈಯಿಂದ ಕೂಸಿನ ಸಾಲಿ ಹೋತಂದ್ರ ಯಾರಿಗೆ ಮಾರಿ ತೋರಿಸ್ಲಿ?" ಎಂದು ಕೇಳುತ್ತಾರೆ.

ಸಾಹೇಬರು ಬರುತ್ತಾರೆ, ಹೊಳೆವ್ವನನ್ನೇ ಕರೆಯುತ್ತಾರೆ. ಲೆಕ್ಕ, y = 2x + 3. ಹುಡುಗಿ ಎದ್ದ ಗೆರೆಯ ಮೂರನೆಯ ಚುಕ್ಕೆಯ ಮೇಲೆ ನಿಂತು, ಬಲಕ್ಕೊಂದು ಮೇಲಕ್ಕೆರಡು ಎಣಿಸಿ ಗುರುತು ಮಾಡಿ, ರಂಗೋಲಿ ಬಿಡುತ್ತ ಹೋಗುತ್ತಾಳೆ. ಚುಕ್ಕೆಗಳು ಮುಗಿಯುವಲ್ಲಿ ಕೈ ತಡೆಯುತ್ತದೆ. ಅಜ್ಜಿಯ ಕಡೆ ನೋಡುತ್ತಾಳೆ. ಕಾಶೆವ್ವ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಾರೆ.

ಹೊಳೆವ್ವ ಚುಕ್ಕೆಗಳನ್ನು ದಾಟಿ, ಬೇಲಿಯ ಬುಡದವರೆಗೆ ನೇರ ಎಳೆಯುತ್ತಾಳೆ.

"ಮುಗೀತೇನವಾ?" ಎಂದು ಸಾಹೇಬರು ಕೇಳುತ್ತಾರೆ.

"ಇಲ್ರಿ. ಇನ್ನೂ ಐತ್ರಿ. ಬ್ಯಾಲಿ ಅಡ್ಡ ಬಂತು."

ಸಾಹೇಬರು ನಗುತ್ತಾರೆ. ಹೊರಡುವಾಗ ಮಾಸ್ತರರಿಗೆ, "ವರ್ಗ ನಡೀಲಿ" ಎನ್ನುತ್ತಾರೆ. ಅವರು ಅತ್ತ ಹೋದದ್ದೇ ಮಾಸ್ತರರು ಕಾಶೆವ್ವನ ಬಳಿ ಬಂದು, "ಈಗ ಬೇಕಾದ್ರ ತುದಿ ಮುಚ್ಚವಾ, ಯಾರೂ ಏನೂ ಅನ್ನಂಗಿಲ್ಲ" ಎನ್ನುತ್ತಾರೆ. ಕಾಶೆವ್ವ ಬಟ್ಟಲು ಎತ್ತಿಕೊಂಡು ಬೇಲಿಯವರೆಗೂ ಹೋಗುತ್ತಾರೆ. ಗೆರೆಯ ತುದಿ ಮುಟ್ಟದೆ ಹಾಗೇ ಹಿಂದಿರುಗುತ್ತಾರೆ.

"ಇರ್ಲಿ ಬಿಡ್ರಿ. ಕೂಸು ಸಾಲ್ಯಾಗ ಐತಿ, ಲಕ್ಷ್ಮಿ ಎಲ್ಲಿ ಹೋಗ್ತಾಳ?"