ಮಂಗಳದ ಪದದಿಂದ ನಾನು ಕಿತ್ತ ಅಂಕಿತ

ಅಣ್ಣನಿಗಾಗಿ ಹತ್ತೊಂಬತ್ತು ಜನ ಹೊರಗಿನವರು ಮುಖಕ್ಕೆ ಬಣ್ಣ ಹಚ್ಚದೆ ಕೂತಿದ್ದರು. ಒಡಹುಟ್ಟಿದ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಷ್ಟನ್ನೂ ಮಾಡಲಿಲ್ಲ.

ನಮ್ಮದು ಹೊಳೆನರಸೀಪುರದ ಕಡೆಯ ಹಳೇಕೋಟೆ. ಅಣ್ಣ ಲೋವರ್ ಸೆಕೆಂಡರಿ ಪಾಸಾದವನು. ನಾನು ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಎರಡನೇ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಇಬ್ಬರೂ ಒಂದೇ ನಾಟಕ ಕಂಪನಿಯಲ್ಲಿದ್ದೆವು. ತಗಡು, ಪರದೆ, ಗ್ಯಾಸ್‌ಲೈಟುಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಅರಕಲಗೂಡು, ಹಾಸನ, ಚನ್ನರಾಯಪಟ್ಟಣ ಎಂದು ತಿರುಗುವ ಕಂಪನಿ ಅದು. ಅಣ್ಣ ನಾಟಕಗಳನ್ನೂ ಅವುಗಳ ಹಾಡುಗಳನ್ನೂ ಬರೆಯುತ್ತಿದ್ದ. ನಾನು ದ್ವಾರಪಾಲಕ, ಸಖಿ, ಸಿಕ್ಕಿದ್ದು ಮಾಡುತ್ತಿದ್ದೆ.

ಪೂರ್ತಿ ನಾಟಕ ಯಾವ ನಟನ ಕೈಗೂ ಸಿಗುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ಅವನ ಮಾತಷ್ಟೇ ಬರೆದ ಹಾಳೆ. ಎದುರಿನವನ ಮಾತಿನ ಕೊನೆಯ ಎರಡು ಪದ ಅದರಲ್ಲಿರುತ್ತಿತ್ತು, ತಾನು ಯಾವಾಗ ಬಾಯಿ ತೆಗೆಯಬೇಕೆಂದು ತಿಳಿಯಲಿಕ್ಕೆ. ಬೇರೆ ಕಂಪನಿಯವರು ನಾಟಕ ಕದಿಯಬಾರದೆಂದು ಮಾಡಿಕೊಂಡ ಏರ್ಪಾಡು. ಇಡೀ ನಾಟಕ ಇರುತ್ತಿದ್ದದ್ದು ಅಣ್ಣನ ಪುಸ್ತಕದಲ್ಲಿ, ಅದು ಬಿಟ್ಟರೆ ನನ್ನ ತಲೆಯಲ್ಲಿ. ಸರಾಗ ಓದಲು ಬಾರದ ನನಗೆ ಕಿವಿಯೇ ಗತಿ. ಅಣ್ಣ ಬರೆದದ್ದನ್ನೆಲ್ಲ ಮೊದಲು ನನಗೆ ಓದಿ ಹೇಳುತ್ತಿದ್ದ. ಎರಡು ಸಲ ಕೇಳಿದರೆ ಕೂತುಬಿಡುತ್ತಿತ್ತು. ಹಾಡಿನಲ್ಲಿ ಮಾತ್ರೆ ತಪ್ಪಿದರೆ ಇಲ್ಲಿ ಎಡವುತ್ತದೆ ಎನ್ನುತ್ತಿದ್ದೆ. ಅವನು ನಕ್ಕು ತಿದ್ದುತ್ತಿದ್ದ.

ಅರಕಲಗೂಡಿನಲ್ಲಿ ಹಂಚಿದ ಹ್ಯಾಂಡ್‌ಬಿಲ್ಲಿನಲ್ಲಿ, ನಾಟಕ ರಚನೆ ಎಂದು ಕಂಪನಿಯ ಯಜಮಾನರು ತಮ್ಮ ಹೆಸರನ್ನೇ ಅಚ್ಚು ಹಾಕಿಸಿದ್ದರು. ಕೇಳಿದ್ದಕ್ಕೆ ಅಚ್ಚಿನವನ ತಪ್ಪು ಎಂದರು. ಹಾಸನಕ್ಕೆ ಹೋದಾಗಲೂ ಅದೇ ತಪ್ಪಾಯಿತು. ಅಣ್ಣ ಚನ್ನರಾಯಪಟ್ಟಣಕ್ಕೆಂದು ಹೊಸ ನಾಟಕ ಬರೆದು, ಕೊನೆಯ ಮಂಗಳದ ಪದದಲ್ಲಿ ಮೊದಲ ಸಲ ತನ್ನ ಅಂಕಿತ ಇಟ್ಟ. ‘ಹಳೆಕೋಟೆವಾಸ’ ಎಂದು ನಮ್ಮೂರ ದೇವರನ್ನು ಕರೆಯುವ ಸಾಲು. ಹೆಸರು ಅಚ್ಚಾಗದಿದ್ದರೂ ಹಾಡಿನಲ್ಲಾದರೂ ತಾನಿರಲಿ ಎಂದುಕೊಂಡನೋ ಏನೋ.

ಹೊಸ ಹ್ಯಾಂಡ್‌ಬಿಲ್ಲು ಬಂತು. ಅದರಲ್ಲೂ ಯಜಮಾನರ ಹೆಸರೇ. ಅಣ್ಣ ಕೊನೆಯ ಅಂಕದ ಹಾಳೆಗಳನ್ನು ಯಾರಿಗೂ ಕೊಡದೆ ಪುಸ್ತಕವನ್ನು ಪಂಚೆಯಲ್ಲಿ ಕಟ್ಟಿಟ್ಟ. ಹೆಸರು ತಿದ್ದುವ ತನಕ ಬರೆಯುವುದೂ ಇಲ್ಲ, ಕೊಡುವುದೂ ಇಲ್ಲ ಎಂದ. ನನ್ನನ್ನು ಪಕ್ಕಕ್ಕೆ ಕರೆದು, “ನಿನ್ ತಲೇಲಿರಾದು ಯಾರ್ಗೂ ಗೊತ್ತಾಗ್ಬಾರ್ದು ಕಣ್ಲಾ” ಎಂದ.

ಆ ಸಂಜೆಯೇ ರಾಜಪಾರ್ಟಿನವರು, ಅಂದರೆ ನಾಯಕನ ಪಾತ್ರ ಮಾಡುತ್ತಿದ್ದ ಹಿರಿಯ ನಟರು, ಕಿರೀಟ ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಅಣ್ಣನತ್ತ ಕೈ ತೋರಿಸಿ, ಇವರ ಮಾತು ಆಡಿಯೇ ನಾವು ಅನ್ನ ಉಂಡಿದ್ದು, ಇವರ ಹೆಸರಿಲ್ಲದೆ ಬಣ್ಣ ಹಚ್ಚುವುದಿಲ್ಲ ಎಂದರು. ಒಬ್ಬೊಬ್ಬರಾಗಿ ಉಳಿದವರೂ ಅವರ ಹಿಂದೆ ಕೂತರು. ನಾನೂ ಕೂತೆ.

ಹಳೆಯ ನಾಟಕಗಳೂ ಅಣ್ಣನವೇ ಆದ್ದರಿಂದ ಎಲ್ಲ ಆಟವೂ ನಿಂತಿತು. ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು ತಗಡಿನ ಬಾಗಿಲು ಬಡಿದು ಬೈದು ಹೋದರು. ಮುಂದಿನ ಮೊಕ್ಕಾಮಿಗೆ ಹಾಸನದಲ್ಲಿ ಹಿಡಿದಿದ್ದ ಮೈದಾನ ಸರ್ಕಸ್ಸಿನವರ ಪಾಲಾಯಿತು. ಊಟ ಮುದ್ದೆ, ಉಪ್ಪುಸಾರಿಗೆ ಇಳಿಯಿತು, ಆಮೇಲೆ ಯಜಮಾನರು ಒಲೆಯನ್ನೇ ಆರಿಸಿದರು. ನಮ್ಮ ಹಾಸ್ಯಗಾರ ಕನ್ನಡಿ ನೋಡಿಕೊಂಡು, “ಬಣ್ಣ ಇಲ್ದಿದ್ರೆ ನಾನು ಇಷ್ಟು ಕೆಟ್ಟದಾಗಿವ್ನಾ? ನನ್ನೆಂಡ್ತಿ ಎಂಗ್ ತಡ್ಕಂಡವ್ಳ್ರಲಾ?” ಎಂದಾಗ ಹಸಿದ ಹೊಟ್ಟೆಯಲ್ಲೇ ಎಲ್ಲರೂ ನಕ್ಕರು. ಅವನ ಹೆಂಡತಿ ಆಗ ತುಂಬಿದ ಬಸುರಿ. ಅವನೂ ಎದ್ದು ಹೋಗಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಯಜಮಾನರು ನನ್ನನ್ನು ಕರೆಸಿದರು. ಅಣ್ಣ ಓದುವಾಗ ನಾನು ಹತ್ತಿರ ಇರುವುದನ್ನು ಅವರು ಯಾವತ್ತೋ ಕಂಡಿದ್ದರು. ಬೆದರಿಸಲಿಲ್ಲ. ನಿನ್ನ ನಿಲುವು, ನಿನ್ನ ಗಂಟಲು ದ್ವಾರಪಾಲಕನದಲ್ಲ, ನಾಟಕ ಹೇಳಿ ಬರೆಸು, ಇನ್ನು ಮೇಲೆ ರಾಜಪಾರ್ಟು ನಿನ್ನದೇ ಎಂದರು. ಆರು ವರ್ಷ ಭರ್ಜಿ ಹಿಡಿದು ಬಾಗಿಲಲ್ಲಿ ನಿಂತವನು ನಾನು. ಅಣ್ಣನೂ ಯಾವತ್ತೂ ಈ ಮಾತು ಅಂದಿರಲಿಲ್ಲ. ಅದನ್ನು ನೆನೆದು ಅವನ ಮೇಲೆ ಸಿಟ್ಟು ತಂದುಕೊಂಡೆ. ಸಿಟ್ಟು ಬೇಕಾಗಿತ್ತು, ತಂದುಕೊಂಡೆ.

ಎರಡು ಮಧ್ಯಾಹ್ನ ನಾನು ಹೇಳಿದೆ, ಕಂಪನಿಯ ಗುಮಾಸ್ತ ಬರೆದುಕೊಂಡ. ಕೊನೆಗೆ ಮಂಗಳದ ಪದ ಬಂತು. ‘ಹಳೆಕೋಟೆವಾಸ’ ಎನ್ನುತ್ತಲೇ ಯಜಮಾನರು ಕೈ ಎತ್ತಿ, ಅದು ಬೇಡ, ಬೇರೆ ಹಾಕು ಎಂದರು. ಗುಮಾಸ್ತ ಏನೇನೋ ಹಾಕಿದ. ಎಲ್ಲವೂ ತಾಳಕ್ಕೆ ಎಡವುತ್ತಿದ್ದವು. ಆಗಲಾದರೂ ನಾನು ಸುಮ್ಮನಿರಬಹುದಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಹಾಡು ಕುಂಟುವುದನ್ನು ನನ್ನ ಕಿವಿ ತಡೆಯಲಿಲ್ಲ. ‘ಜಗದೀಶ ದೇವ’ ಎಂದು ಹಾಕಿ, ಸರಿಹೋಗುತ್ತದೆ ಎಂದೆ. ಸರಿಹೋಯಿತು.

ಯಜಮಾನರು ಹೊರಗಿನಿಂದ ನಟರನ್ನು ಕರೆಸಿದರು. ನಾಟಕ ಕೈಗೆ ಸಿಕ್ಕಿದೆ ಎಂದು ತಿಳಿದ ಮೇಲೆ ನಮ್ಮವರಲ್ಲಿ ಮಕ್ಕಳೊಂದಿಗರು ತಲೆ ತಗ್ಗಿಸಿಕೊಂಡು ಒಳಗೆ ಬಂದರು. ರಾಜಪಾರ್ಟಿನವರು ಬರಲಿಲ್ಲ. ಬೇರೆ ಕಂಪನಿಗಳೂ ಅವರನ್ನು ಸೇರಿಸಲಿಲ್ಲ. ಆಮೇಲೆ ಅವರು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲೇ ಮೂಟೆ ಹೊತ್ತರು. ಅವರ ಕಿರೀಟ ನನಗೆ ಸ್ವಲ್ಪ ಸಡಿಲವಿತ್ತು, ಒಳಗೆ ಬಟ್ಟೆ ತುರುಕಿಕೊಂಡು ಆಡಿದೆ.

ಮೊದಲ ಆಟದ ಮರುದಿನ ಅಣ್ಣ ಬಸ್ಸಿಗೆ ಹೊರಟ. ಯಾಕೆ ಮಾಡಿದೆ ಎಂದು ಕೇಳಲಿಲ್ಲ. ಗಂಟು ಎತ್ತಿಕೊಳ್ಳುತ್ತಾ, “ಆ ಪದ ನೀನೇ ಕೂಡ್ಸಿದ್ದಾ?” ಎಂದ. “ಮಾತ್ರೆ ಸರ್ಯಾಗ್ ಕೂತದೆ” ಎಂದು ಬಸ್ಸು ಹತ್ತಿದ.

ಅವನು ಮತ್ತೆ ನಾಟಕ ಬರೆಯಲಿಲ್ಲ. ಕೊಣನೂರಿನಲ್ಲಿ ನೆಲೆ ನಿಂತು ಸಂತೆಯ ದಿನ ಜನರಿಗೆ ಅರ್ಜಿ, ಕಾಗದ ಬರೆದುಕೊಡುತ್ತಿದ್ದ. ಟಾಕಿ ಸಿನಿಮಾ ಬಂದ ಮೇಲೆ ಕಂಪನಿ ಮುಳುಗಿತು, ನಾನು ಊರು ಸೇರಿ ಹೊಲ ಹಿಡಿದೆ. ಮದುವೆಗಳಲ್ಲಿ ಸಿಕ್ಕರೆ ಅಣ್ಣ ಉಂಡೆಯಾ ಎಂದು ಕೇಳುತ್ತಿದ್ದ. ಅದರಾಚೆಗೆ ನಮ್ಮಿಬ್ಬರಲ್ಲಿ ಮಾತೇ ಹುಟ್ಟುತ್ತಿರಲಿಲ್ಲ. ಹೀಗೇ ಯುದ್ಧವೂ ಮುಗಿಯಿತು.

ಆ ವರ್ಷ ಅಣ್ಣನಿಗೆ ಕಣ್ಣು ಮಂಜಾಗಿದೆ, ಬರವಣಿಗೆ ಬಿಡುತ್ತಾನಂತೆ ಎಂದು ಯಾರೋ ಹೇಳಿದರು. ಸಂತೆಯ ದಿನವೇ ಹೋದೆ. ಹಾಳೆಯನ್ನು ಮೂಗಿಗೆ ಹಿಡಿದುಕೊಂಡು ಬರೆಯುತ್ತಿದ್ದ. ಸುತ್ತ ಏಳೆಂಟು ಜನ ರೈತರು ಕೂತಿದ್ದರು. ನನ್ನನ್ನು ಗುರುತು ಹಿಡಿದು ಚಾಪೆಯ ಮೇಲೆ ಜಾಗ ಬಿಟ್ಟ. ಜನ ಹೋಗಲಿ ಎಂದು ಕಾದೆ. ಅವರು ಹೋದರೆ ಮತ್ತೆ ನನ್ನ ಬಾಯಿ ಕಟ್ಟುತ್ತದೆ ಎನ್ನಿಸಿತು. ಅವನ ಹೆಸರು ಹೋದದ್ದು ಸಾವಿರ ಜನರ ಮುಂದೆ, ಇವರಷ್ಟು ಜನವಾದರೂ ಕೇಳಲಿ.

“ಕೇಳ್ರಪ್ಪಾ,” ಎಂದೆ. “ಇವ್ನು ನಾಟ್ಕ ಬರ್ದವ್ನು. ನೀವು ನೋಡಿರ್ತೀರಿ. ಅದ್ರಲ್ಲಿದ್ದ ಇವ್ನ ಅಂಕಿತ ಕಿತ್ತು ಬಿಸಾಕ್ದವ್ನು ನಾನು, ಇವ್ನ ತಮ್ಮ.”

ಅಣ್ಣನ ಲೇಖನಿ ನಿಂತಿತು. ನಾನು ಅವನ ಕಾಲು ಹಿಡಿದುಕೊಂಡೆ.

“ತಪ್ಪಾಯ್ತು ಕಣಣ್ಣ. ರಾಜಪಾರ್ಟಿನ ಆಸೆಗೆ ಮಾಡ್ಬುಟ್ಟೆ. ಆ ಪದ ಯಾರೂ ಕೇಳ್ದಿದ್ರೂ ಕೂಡ್ಸ್ಬುಟ್ಟೆ. ತಪ್ಪಾಯ್ತು.”