ದಂಡನಾಯಕನ ಎಡಗಿವಿ

ಆಗ ನನಗೆ ಐವತ್ತಾರು ವರ್ಷ. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಆ ವಯಸ್ಸಿಗೆ ಹೆಂಗಸರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮೂಲೆಯಲ್ಲಿ ಕೂರುತ್ತಾರೆ. ನಾನೂ ತಿಕ್ಕಿಕೊಳ್ಳುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಕೂತದ್ದು ಮೂಲೆಯಲ್ಲಲ್ಲ, ಕೋಟೆಯೊಳಗೆ. ಹೊರಗೆ ಶತ್ರುವಿನ ದಂಡು, ಒಳಗೆ ಕುಡಿಯಲು ನೀರಿಲ್ಲ, ಯಾರೋ ಒಬ್ಬ ದ್ರೋಹಿ. ಇದೆಲ್ಲ ನಡೆದದ್ದು ಕೋಣನಕುಂಟೆಯ ಒಂದು ಮನೆಯ ಜಗುಲಿಯ ಮೇಲೆ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ.

ಇದು ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಮೊಮ್ಮಗಳು ಒಂದು ರೇಷ್ಮೆ ಸೀರೆ ತಂದು ನನ್ನ ತೊಡೆಯ ಮೇಲೆ ಹಾಕಿದಳು. "ಅಜ್ಜಿ, ಕುಚ್ಚು ನೋಡು. ಮೆಷಿನ್‌ದು. ಒಂದಾದ್ರೂ ಹೆಚ್ಚು ಕಮ್ಮಿ ಇದ್ಯಾ?" ಎಂದಳು. ಬೆರಳಾಡಿಸಿದೆ. ಸೆರಗಿನ ಈ ತುದಿಯಿಂದ ಆ ತುದಿಯವರೆಗೆ ಗಂಟುಗಳೆಲ್ಲ ಒಂದೇ ಸಮ. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು. ಆದರೆ ನಾವು ಕಟ್ಟಿದ ಸೆರಗಿನ ಮೇಲೆ ಬೆರಳಾಡಿಸಿದರೆ ಎಲ್ಲಿ ಯುದ್ಧ ನಡೆದಿತ್ತು, ಎಲ್ಲಿ ರಾಣಿ ಉಯ್ಯಾಲೆಯಲ್ಲಿ ಕೂತಿದ್ದಳು ಎಂದು ಗಂಟಿನಲ್ಲೇ ಗೊತ್ತಾಗುತ್ತಿತ್ತು. "ಯಾವ ರಾಣಿ?" ಎಂದಳು ಹುಡುಗಿ, ಫೋನು ನೋಡುತ್ತಾ. ಅವಳಿಗಿಂತ ನಿಮಗೆ ಹೇಳುವುದು ವಾಸಿ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನಿಂತು ನಿಂತು ನನ್ನ ಮಂಡಿ ಹಾಳಾಗಿತ್ತು. ಕೆಲಸ ಬಿಟ್ಟೆ. ಮನೆಯಲ್ಲಿ ಸುಮ್ಮನೆ ಕೂತರೆ ಸೊಸೆಯ ಮೇಲೆ ಕಣ್ಣು ಹೋಗುತ್ತದೆ, ಅದು ಅವಳಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ. ಹಿಂದಿನ ಬೀದಿಯ ಸೆಲ್ವಿ ಜಯನಗರದ ಒಂದು ಸೀರೆ ಅಂಗಡಿಯಿಂದ ಸೀರೆ ತಂದು, ಸೆರಗಿಗೆ ಕುಚ್ಚು ಕಟ್ಟಿ ಕೊಡುತ್ತಿದ್ದಳು. "ಬಾ ಅಕ್ಕ, ಕೂತ್ಕೊಂಡ್ ಮಾಡೋ ಕೆಲ್ಸ" ಎಂದಳು. ಹೋದೆ. ಅವಳ ಜೊತೆ ಶಾಂತಕ್ಕ ಇದ್ದಳು. ಗದಗಿನ ಕಡೆಯವಳು, ಗಂಡ ಬಿಟಿಎಂನ ಯಾವುದೋ ಆಫೀಸಿನಲ್ಲಿ ಸೆಕ್ಯೂರಿಟಿ, ಅಲ್ಲಿ ಬಾಡಿಗೆ ಏರಿತೆಂದು ನಮ್ಮ ಕಡೆ ಬಂದವರು. ಕೂರುತ್ತಿದ್ದದ್ದು ಟೀಚರಮ್ಮನ ಜಗುಲಿಯಲ್ಲಿ. ಇವರು ರಿಟೈರಾದ ಕನ್ನಡ ಟೀಚರು. ಅವರ ಕೈಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ, ನಮ್ಮ ಬಾಯಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಬೀದಿಯವರ ಮನೆ ಸುದ್ದಿ ಕೇಳಿ ಕೇಳಿ ಬೇಸತ್ತು ಟೀಚರಮ್ಮ ಒಂದು ದಿನ ಒಳಗಿನಿಂದ ದಪ್ಪ ಪುಸ್ತಕ ತಂದು ಗಟ್ಟಿಯಾಗಿ ಓದಲು ಶುರು ಮಾಡಿದರಂತೆ. 'ಅಂತೆ' ಎಂದೆ, ಯಾಕೆಂದರೆ ನಾನು ಹೋಗುವ ಹೊತ್ತಿಗೆ ಪುಸ್ತಕ ಕಾಲು ಭಾಗ ಮುಗಿದಿತ್ತು.

ಪುಸ್ತಕದ ಹೆಸರು ನನಗೆ ಗೊತ್ತಿಲ್ಲ. ರಟ್ಟು ಕಿತ್ತುಹೋಗಿ, ಹೆಸರಿದ್ದ ಪುಟವೂ ಅದರ ಜೊತೆ ಹೋಗಿತ್ತು. ಟೀಚರಮ್ಮ ಹಳೇ ಕ್ಯಾಲೆಂಡರಿನ ಬೈಂಡು ಹಾಕಿದ್ದರು. ನಾವು 'ದಪ್ಪ ಪುಸ್ತಕ' ಎನ್ನುತ್ತಿದ್ದೆವು. ರಾಜರ ಕಾಲದ ಕಥೆ. ಸಿರಿಯಾದೇವಿ ಎಂದು ಒಬ್ಬ ರಾಣಿ, ಗಂಡ ಸತ್ತಿದ್ದಾನೆ. ಬಮ್ಮಯ್ಯ ಎಂದು ಒಬ್ಬ ದಂಡನಾಯಕ. ಅವನಿಗೆ ಎಡಗಿವಿ ಇಲ್ಲ.

ಈ ಕಿವಿಯೇ ನನ್ನ ತಲೆ ತಿಂದದ್ದು. ಓದುತ್ತಾ ಓದುತ್ತಾ ಎಲ್ಲಾದರೂ ಬಮ್ಮಯ್ಯ ತನ್ನ ಪೇಟವನ್ನು ಎಡಕ್ಕೆ ಎಳೆದುಕೊಂಡ ಎಂದು ಬಂದರೆ ಸಾಕು, ಸೆಲ್ವಿ "ಅಯ್ಯೋ ಪಾಪ" ಎನ್ನುತ್ತಿದ್ದಳು. ಶಾಂತಕ್ಕ ಸೂಜಿ ನಿಲ್ಲಿಸಿ ಮೂಗೆಳೆಯುತ್ತಿದ್ದಳು. ನಾನು ಇಬ್ಬರ ಮುಖ ನೋಡುತ್ತಿದ್ದೆ. ಮೊದಲ ದಿನವೇ ಕೇಳಿದೆ.

"ಕಿವಿ ಏನಾಯ್ತೇ ಅವನಿಗೆ?"

"ಹೇಳಂಗಿಲ್ಲ ಅಕ್ಕ. ರೂಲ್ಸು" ಎಂದಳು ಸೆಲ್ವಿ.

ಟೀಚರಮ್ಮನ ರೂಲ್ಸು. ಹಿಂದಿನದು ಕೇಳಬಾರದು, ಮುಂದಿನದು ಹೇಳಬಾರದು. ಕಥೆಯನ್ನು ಯಾರೂ ಯಾರಿಗೂ ಬಾಯಲ್ಲಿ ಹೇಳುವಂತಿಲ್ಲ. ಒಂದು ದಿನ ಬಾರದವರಿಗೆ ಆ ದಿನದ್ದು ಹೋಯಿತು. "ಕಥೆ ಅಂದ್ರೆ ಏನಾಯ್ತು ಅಂತ ಅಲ್ಲ ಕಣಮ್ಮ. ಹೆಂಗಾಯ್ತು ಅಂತ. ಅದು ಪುಸ್ತಕದಲ್ಲೇ ಇರತ್ತೆ" ಎನ್ನುತ್ತಿದ್ದರು. ಕ್ಲಾಸಿಗೆ ಲೇಟಾಗಿ ಬಂದವಳನ್ನು ಹೊರಗೆ ನಿಲ್ಲಿಸಿದ ಹಾಗೆ. ನಾನೇನು ಹುಡುಗಿಯೇ? ಸಿಟ್ಟು ಬಂತು. ಶಾಂತಕ್ಕನಿಗೆ ಚಕ್ಕುಲಿ ಕೊಟ್ಟು ಬಾಯಿ ಬಿಡಿಸಲು ನೋಡಿದೆ. ಅವಳು ಚಕ್ಕುಲಿ ಪೂರ್ತಿ ತಿಂದು, "ಟೀಚರ್ ಬೈತಾರ್ರೀ ಅಕ್ಕಾರ" ಎಂದು ಕೈ ಒರೆಸಿಕೊಂಡಳು.

ಆದರೆ ಏನು ಹೇಳಲಿ, ಆ ಮಧ್ಯಾಹ್ನಗಳೆಂದರೆ! ಮನೆಯಲ್ಲಿ ಅನ್ನಕ್ಕೆ ಇಡುವಾಗಲೂ ನನ್ನ ಕಿವಿಯಲ್ಲಿ ನಗಾರಿ ಹೊಡೆಯುತ್ತಿತ್ತು. ಬಸ್‌ಸ್ಟಾಪಿನಲ್ಲಿ ಸೆಲ್ವಿ ಸಿಕ್ಕರೆ ಎಣ್ಣೆ ರೇಟು ಮಾತಾಡುತ್ತಿರಲಿಲ್ಲ. "ಆ ಮಂತ್ರಿ ಮೇಲೆ ನಂಗೆ ಡೌಟು ಅಕ್ಕ" ಎನ್ನುತ್ತಿದ್ದಳು. ನಾನು, "ಮಂತ್ರಿ ಅಲ್ಲ, ಆ ಕುದುರೆ ವ್ಯಾಪಾರಿ. ಜಾಸ್ತಿ ನಗ್ತಾನೆ ಅವ್ನು" ಎನ್ನುತ್ತಿದ್ದೆ. ಪಕ್ಕದಲ್ಲಿ ನಿಂತವರು ನಮ್ಮ ಮನೆಯವರ ಜಗಳ ಎಂದುಕೊಳ್ಳುತ್ತಿದ್ದರು.

ಕೋಟೆಗೆ ಮುತ್ತಿಗೆ ಬಿದ್ದ ವಾರ ಸೀರೆ ಅಂಗಡಿಯವನು ಸೆಲ್ವಿಯನ್ನು ಕರೆದು ಒಂದು ಮದುವೆ ಸೀರೆ ವಾಪಸ್ಸು ಕೊಟ್ಟ. "ಏನಮ್ಮ ಇದು? ಅರ್ಧ ಗಂಟು ಕಲ್ಲು, ಅರ್ಧ ಗಂಟು ಹತ್ತಿ. ಎರಡು ಸೀರೆ ಹೊಲಿದು ಒಂದು ಮಾಡಿದೀರಾ?" ಎಂದನಂತೆ. ತಪ್ಪು ನಮ್ಮದೇ. ರಾಣಿ ಕೊಳದ ಹತ್ತಿರ ಕೂತ ಪುಟಗಳಲ್ಲಿ ನಮ್ಮ ಬೆರಳು ಸಡಿಲ, ಆನೆ ಬಂದು ಬಾಗಿಲಿಗೆ ಗುದ್ದಿದಾಗ ಬೆರಳು ಬಿಗಿ. ಬಿಚ್ಚಿ ಕಟ್ಟಿದೆವು. ಬಿಚ್ಚುವಾಗ ಟೀಚರಮ್ಮ ಮುಂದಿನ ಅಧ್ಯಾಯ ಓದಿದರು. ಅದರಲ್ಲೂ ಯುದ್ಧವೇ.

ಆಮೇಲೆ ಬಂತು ಆ ದಿನ. ದ್ರೋಹಿ ಯಾರೆಂದು ಹಿಡಿಯಲು ಬಮ್ಮಯ್ಯ ಒಬ್ಬನೇ ಕೋಟೆಯ ಹಿಂದಿನ ಕಳ್ಳದಾರಿಗೆ ಇಳಿಯುತ್ತಾನೆ. ಕತ್ತಲೆ. ಗೋಡೆ ತಡವಿಕೊಂಡು ಹೋಗುತ್ತಾನೆ. ದಾರಿ ತಿರುಗುತ್ತದೆ. ಎದುರಿಗೆ ಒಂದು ದೀಪ. ದೀಪ ಹಿಡಿದು ಯಾರೋ ನಿಂತಿದ್ದಾರೆ.

ಟೀಚರಮ್ಮ ಪುಸ್ತಕ ಮುಚ್ಚಿದರು. "ನಾಳೆ ನನ್ ಕಣ್ಣಿನ ಆಪರೇಷನ್ನು. ಪೊರೆ ತೆಗೀತಾರೆ. ಒಂದು ತಿಂಗ್ಳು ಓದೋ ಹಾಗಿಲ್ಲ ಅಂದಿದಾರೆ ಡಾಕ್ಟ್ರು."

ಒಂದು ತಿಂಗಳು! ಆ ದೀಪದಲ್ಲಿ ಅಷ್ಟು ಎಣ್ಣೆ ಇದೆಯೇ?

ಟೀಚರಮ್ಮನ ಸೊಸೆ ರೇಖಾ ಬ್ಯಾಂಕಿನಿಂದ ಆಗ ತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. ಒಳ್ಳೆಯ ಹುಡುಗಿ. ನಮ್ಮ ಮುಖ ನೋಡಿ ಅವಳಿಗೆ ಮರುಕ ಬಂತು. "ಆಂಟಿ, ನಾನು ಲಾಸ್ಟ್ ಚಾಪ್ಟರ್ಸ್ ಎಲ್ಲಾ ಓದ್ಬಿಟ್ಟಿದೀನಿ. ಹೇಳ್ಬಿಡ್ಲಾ? ಐದ್ ನಿಮಿಷ."

"ಹೇಳವ್ವ, ಹೇಳು. ಪುಣ್ಯಾ ಬರ್ತದ" ಎಂದು ಶಾಂತಕ್ಕ ಮುಂದಕ್ಕೆ ಸರಿದಳು. ಸೆಲ್ವಿಯೂ ಸರಿದಳು. ರೂಲ್ಸು ಅಲ್ಲೇ ಬಿತ್ತು.

ನಾನು ಎದ್ದು ನಿಂತೆ. ಮಂಡಿ ಲಟಕ್ಕೆಂದಿತು. "ಬಾಯಿ ಬಿಟ್ರೆ ನೋಡು ರೇಖಾ! ಇಷ್ಟು ತಿಂಗ್ಳು ಕಿವಿ ಕಥೆ ನಂಗ್ ಹೇಳ್ಲಿಲ್ಲ ಇವ್ರು. ಈಗ ಇವ್ರಿಗ್ ಮಾತ್ರ ಪುಕ್ಕಟೆನಾ? ಯಾರಿಗೂ ಇಲ್ಲ."

"ಹಂಗಾದ್ರ ಓದೋರ್ ಯಾರ್ರೀ? ನೀವೇ ಓದ್ತೀರೇನು?" ಎಂದಳು ಶಾಂತಕ್ಕ.

ತಮಾಷೆಗೆ ಅಂದದ್ದು. ಸೆಲ್ವಿಗೆ ತಮಿಳು ಅಕ್ಷರ ಮಾತ್ರ ಗೊತ್ತು, ಶಾಂತಕ್ಕನಿಗೆ ಯಾವುದೂ ಗೊತ್ತಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು, ಸೋಪಿನ ಹೆಸರು ಓದುತ್ತಿದ್ದೆ. ಒತ್ತಕ್ಷರ ಬಂದರೆ ಹಾರಿಸಿ ಮುಂದೆ ಹೋಗುತ್ತಿದ್ದೆ. "ಹೂಂ, ನಾನೇ ಓದ್ತೀನಿ" ಎಂದುಬಿಟ್ಟೆ. ಅಂದ ಮೇಲೆ ನನಗೇ ಹೆದರಿಕೆಯಾಯಿತು. ಟೀಚರಮ್ಮ ಪುಸ್ತಕ ನನ್ನ ಮಡಿಲಿಗೆ ಇಟ್ಟರು. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ಆಪರೇಷನ್ ಆದ ಮೇಲೆ ಟೀಚರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಗೆ ತಂದಿಟ್ಟ ಮಂಚದ ಮೇಲೆ ಮಲಗಿರುತ್ತಿದ್ದರು. ನಾನು ಪುಟದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದರು. ನನ್ನ ಓದಿನಲ್ಲಿ ಬಮ್ಮಯ್ಯ ಒಂದು ಹೆಜ್ಜೆ ಇಡಲು ಒಂದು ಕುಚ್ಚು ಕಟ್ಟಿ ಮುಗಿಯುತ್ತಿತ್ತು. ಕತ್ತಿಯನ್ನು ಒರೆಯಿಂದ ಎಳೆದವನು ಅರ್ಧದಲ್ಲೇ ನಿಂತುಬಿಡುತ್ತಿದ್ದ.

"ಅಂವ ಅಲ್ಲೇ ನಿಂತ್ ಮುದುಕ ಆಗ್ತಾನ ಬಿಡ್ರೀ" ಎನ್ನುತ್ತಿದ್ದಳು ಶಾಂತಕ್ಕ.

"ಮುಚ್ಚೇ. ನೀನ್ ಓದು ನೋಡೋಣ" ಎನ್ನುತ್ತಿದ್ದೆ ನಾನು.

"ದೀಪ... ಹಿಡಿದು... ನಿಂ... ತಿದ್ದ..." ನಾನು ಬೆರಳು ಸರಿಸಿದೆ. ಮೂವರೂ ಉಸಿರು ಹಿಡಿದಿದ್ದರು. "...ವ... ಳು."

"ಹೆಣ್ಣಾ!" ಎಂದು ಕೂಗಿದಳು ಸೆಲ್ವಿ. ಸೂಜಿ ಎಲ್ಲಿಗೋ ಹಾರಿತು. ಅವಳ ಮಂತ್ರಿಯೂ ಹೋದ, ನನ್ನ ಕುದುರೆ ವ್ಯಾಪಾರಿಯೂ ಹೋದ. ಟೀಚರಮ್ಮನೇ ಮಂಚದ ಮೇಲೆ ಎದ್ದು ಕೂತರು. ಅವರು ಈ ಪುಸ್ತಕವನ್ನು ಮೊದಲೇ ಓದಿದವರು! "ನಾನ್ ಗಡಗಡ ಅಂತ ಓದಿದ್ದೆ ಕಣೇ. ಇಷ್ಟು ಎದೆ ಹೊಡ್ಕೊಂಡಿರ್ಲಿಲ್ಲ" ಎಂದರು. ಆ ಹೆಣ್ಣು ಯಾರೆಂದು ತಿಳಿಯಲು ಮಾರನೆಯ ದಿನದವರೆಗೆ ಕಾಯಬೇಕಾಯಿತು. ಓದಿ ಓದಿ ನನ್ನ ಗಂಟಲು ಒಣಗಿತ್ತು. ಆ ರಾತ್ರಿ ನನಗೆ ನಿದ್ದೆ ಬಂತೋ ಇಲ್ಲವೋ, ಕೇಳಬೇಡಿ. ಪುಸ್ತಕ ನನ್ನ ಮನೆಗೆ ಬರುತ್ತಿರಲಿಲ್ಲ, ಟೀಚರಮ್ಮನ ದಿಂಬಿನ ಕೆಳಗೆ ಇರುತ್ತಿತ್ತು. ಯಾರೂ ಕದ್ದು ಮುಂದೆ ಓದಬಾರದಲ್ಲ.

ತಿಂಗಳಾಗುವ ಹೊತ್ತಿಗೆ ನಾನು ಒತ್ತಕ್ಷರ ಹಾರಿಸುತ್ತಿರಲಿಲ್ಲ. ಬಮ್ಮಯ್ಯನೂ ಸ್ವಲ್ಪ ಚುರುಕಾಗಿದ್ದ. ಒಂದು ಮಧ್ಯಾಹ್ನ ಹೋದರೆ ಟೀಚರಮ್ಮ ಕಪ್ಪು ಕನ್ನಡಕ ತೆಗೆದು, ಹೊಸ ಕನ್ನಡಕ ಹಾಕಿ, ಪುಸ್ತಕ ಬಿಡಿಸಿಕೊಂಡು ಕೂತಿದ್ದಾರೆ. ಉಳಿದದ್ದು ಕೊನೆಯ ಕೆಲವೇ ಹಾಳೆ.

"ಬನ್ನಿ ಬನ್ನಿ. ಡಾಕ್ಟ್ರು ಓದ್ಬೋದು ಅಂದ್ರು. ಅಕ್ಷರ ಎಲ್ಲಾ ಎಷ್ಟು ಕರಿ ಕರಿಯಾಗಿ ಕಾಣ್ತಿದೆ ಗೊತ್ತಾ! ಇವತ್ತು ಮುಗಿಸ್ಬಿಡ್ತೀನಿ."

"ಅಬ್ಬಾ! ಇನ್ ಕುದ್ರಿ ಓಡ್ತಾವ ನೋಡ್ರೀ" ಎಂದಳು ಶಾಂತಕ್ಕ.

ನಾನು ಕೂರಲಿಲ್ಲ. ಪುಸ್ತಕ ಅವರದು, ಕಣ್ಣು ಹೊಸದು, ಆಸೆ ಅವರಿಗೂ ಇದೆ, ಎಲ್ಲ ಗೊತ್ತು. ಆದರೂ ಹೇಳಿದೆ. "ಕೊನೇದು ನಾನು ಓದ್ಬೇಕು ಟೀಚರಮ್ಮ. ಆ ಕತ್ಲೆ ದಾರಿಯಿಂದ ಅವನ್ನ ಎಳ್ಕೊಂಡ್ ಬಂದಿರೋಳು ನಾನು. ಬಾಗ್ಲ ಹತ್ರ ನೀವ್ ಇಸ್ಕೊಂಡ್ರೆ ಹೆಂಗೆ?"

ಸೆಲ್ವಿ ತಲೆ ತಗ್ಗಿಸಿ ದಾರ ಪೋಣಿಸಲು ಶುರು ಮಾಡಿದಳು. ಟೀಚರಮ್ಮ ಹೊಸ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ನೋಟಕ್ಕೆ ಎಷ್ಟು ಮಕ್ಕಳು ಬೆಂಚಿನ ಮೇಲೆ ನಿಂತಿದ್ದವೋ. ನಾನು ಜಗ್ಗಲಿಲ್ಲ. ಆಮೇಲೆ ಪುಸ್ತಕ ನನ್ನ ಕಡೆ ತಳ್ಳಿ, ಸೆಲ್ವಿಯ ಕೈಯಿಂದ ಸೂಜಿ ಕಿತ್ತುಕೊಂಡು, ಸೀರೆಯ ಒಂದು ತುದಿ ತೊಡೆಯ ಮೇಲೆ ಎಳೆದುಕೊಂಡರು. "ಓದು. ತಪ್ಪು ಓದಿದ್ರೆ ಇದ್ರಲ್ಲಿ ಚುಚ್ತೀನಿ."

ಓದಿದೆ. ಒಂದು ಕಡೆಯೂ ಚುಚ್ಚಿಸಿಕೊಳ್ಳಲಿಲ್ಲ. ಅವರು ಕಟ್ಟಿದ ಗಂಟು ಮಾತ್ರ ಹುಣಸೆಬೀಜದಷ್ಟು ದಪ್ಪ. ಸೆಲ್ವಿ ಬಿಚ್ಚಿ ಬಿಚ್ಚಿ ಕಟ್ಟಿದಳು. ಕೋಟೆ ಏನಾಯಿತು, ಯಾರು ಉಳಿದರು ಎಂದು ಹೇಳುವುದಿಲ್ಲ. ಇಷ್ಟು ಹೇಳುತ್ತೇನೆ. ಕೊನೆಯ ಪುಟದಲ್ಲಿ ರಾಣಿ ಸಿರಿಯಾದೇವಿ ಬಮ್ಮಯ್ಯನ ಪೇಟವನ್ನು ತನ್ನ ಕೈಯಾರೆ ತೆಗೆದು, ಅವನ ಎಡಗಿವಿ ಇದ್ದ ಜಾಗದ ಹತ್ತಿರ ಬಗ್ಗಿ, ಒಂದು ಮಾತು ಹೇಳುತ್ತಾಳೆ. ಏನು ಹೇಳಿದಳೆಂದು ಬರೆದಿಲ್ಲ. ಅಲ್ಲಿಗೆ ಮುಗಿಯಿತು.

ತಲೆ ಎತ್ತಿ ನೋಡಿದರೆ ಶಾಂತಕ್ಕ ಗೊಳೋ ಎಂದು ಅಳುತ್ತಿದ್ದಾಳೆ. ಕಣ್ಣೊರೆಸಿಕೊಂಡದ್ದು ತನ್ನ ಸೆರಗಿನಲ್ಲಲ್ಲ, ಅಂಗಡಿಯ ಹಸಿರು ರೇಷ್ಮೆಯಲ್ಲಿ. ಸೆಲ್ವಿಗೆ ಅವಳನ್ನು ಬೈಯಲೂ ಆಗುತ್ತಿಲ್ಲ, ಅವಳ ಮೂಗಿನಲ್ಲೂ ನೀರು. ಟೀಚರಮ್ಮ ಹೊಸ ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ನಾನೊಬ್ಬಳು ಒಣ ಕಣ್ಣಿನಲ್ಲಿ ಕೂತಿದ್ದೆ. ಓದಿದವಳು ನಾನು, ಅಳು ಬಂದದ್ದು ಅವರಿಗೆ! ಇದಕ್ಕಿಂತ ಅನ್ಯಾಯ ಆ ಕೋಟೆಯಲ್ಲೂ ನಡೆದಿರಲಿಲ್ಲ.

"ಈಗಾದ್ರೂ ಹೇಳ್ರೇ. ಆ ಕಿವಿ ಹೆಂಗ್ ಹೋಯ್ತು?"

ಶಾಂತಕ್ಕ ಬಾಯಿ ತೆರೆದಳು. ಟೀಚರಮ್ಮ ಸೂಜಿ ತೋರಿಸಿದರು. ಅವಳು ಬಾಯಿ ಮುಚ್ಚಿದಳು. "ಪುಸ್ತಕ ನಿನ್ ಕೈಲೇ ಇದೆ. ಇನ್ನು ಯಾರನ್ ಯಾಕ್ ಕೇಳ್ತೀಯಾ?" ಎಂದರು ಟೀಚರಮ್ಮ.

ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮನೆಗೆ ತಂದೆ. ಇವತ್ತಿಗೂ ನನ್ನ ಹತ್ತಿರವೇ ಇದೆ. ಟೀಚರಮ್ಮ ವಾಪಸ್ಸು ಕೇಳಲಿಲ್ಲ, ನಾನೂ ಕೊಡಲಿಲ್ಲ. ಮೊನ್ನೆ ಕಥೆ ಅಷ್ಟಿಷ್ಟು ಕಿವಿಗೆ ಬಿದ್ದು ಮೊಮ್ಮಗಳು ಫೋನು ಕೆಳಗಿಟ್ಟು, "ಅಜ್ಜಿ, ಕಿವಿ ಹೆಂಗ್ ಹೋಯ್ತು ಹೇಳು" ಎಂದಾಗ ಟ್ರಂಕಿನಿಂದ ತೆಗೆದು ಅವಳ ತೊಡೆಯ ಮೇಲೆ ಹಾಕಿದೆ. ನೀವೂ ನನ್ನನ್ನು ಕೇಳಬೇಡಿ. ರೂಲ್ಸು ರೂಲ್ಸೇ.

ಆಗ ಪುಸ್ತಕ ಮನೆಗೆ ತಂದ ಮಾರನೆಯ ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದೆ. ಸೊಸೆಗೆ, "ಇವತ್ತು ಅಡಿಗೆ ನೀನೇ ನೋಡ್ಕೊ, ನನ್ ಕೂಗ್ಬೇಡ" ಎಂದೆ. ಬಾಗಿಲ ಹತ್ತಿರ ಬೆಳಕಿಗೆ ಕೂತು, ಮೊದಲನೆಯ ಪುಟ ತೆಗೆದು, ಮೊದಲನೆಯ ಅಕ್ಷರದ ಮೇಲೆ ಬೆರಳಿಟ್ಟೆ. ಆ ಕಿವಿ ಹೋಗುವ ಪುಟ ಬರುವವರೆಗೆ ಏಳಲಿಲ್ಲ. ಬಂದ ಮೇಲೆ, ಯಾರೂ ಇಲ್ಲವೆಂದು ಹಿಂದೆ ಮುಂದೆ ನೋಡಿ, ನನ್ನ ಪಾಲಿನ ಅಳುವನ್ನು ಅತ್ತು ಮುಗಿಸಿದೆ.